ಒಣಮರ ಸುತ್ತಿ ಬಂದ ತೊಟ್ಟಿ

ಮೂರು ಎಮ್ಮೆಗಳು ಸಾಲಾಗಿ ನಿಂತು ಸ್ಪೀಡ್‌ಬೋಟಿನಲ್ಲಿ ನೀರು ಕುಡಿಯುತ್ತಿದ್ದವು. ಆ ನೋಟ ಮನೆಯವರಿಗೆ ಎಷ್ಟು ರೂಢಿಯಾಗಿತ್ತೆಂದರೆ, ಯಾರಾದರೂ ಹೊಸಬರು ಹಿತ್ತಲಿಗೆ ಬಂದು ಬಾಯಿ ತೆರೆದುಕೊಂಡು ನಿಂತಾಗ ಮಾತ್ರ, ಹೌದಲ್ಲ, ಇದು ದೋಣಿಯಲ್ಲವೇ ಎಂದು ಅವರಿಗೂ ನೆನಪಾಗುತ್ತಿತ್ತು. ಒಂದು ಕಾಲಕ್ಕೆ ಕೆಂಡದ ಹಾಗೆ ಕೆಂಪಗಿದ್ದ ಅದರ ಮೈ ಬಿಸಿಲು ತಿಂದು ತಿಂದು ಹಳೆಯ ಇಟ್ಟಿಗೆಯ ಬಣ್ಣಕ್ಕೆ ಇಳಿದಿತ್ತು. ಪಕ್ಕದ ಬಿಳಿ ಪಟ್ಟಿಯನ್ನು ಎಮ್ಮೆಗಳು ಕುತ್ತಿಗೆ ಉಜ್ಜಿ ಅಳಿಸಿದ್ದವು. ಸ್ಟೇರಿಂಗ್ ಕಳಚಿಹೋದ ಜಾಗದಲ್ಲಿ ಚಾಚಿಕೊಂಡಿದ್ದ ಕಬ್ಬಿಣದ ಕಡ್ಡಿಗೆ ಮನೆಯ ಯಜಮಾನ ಕುಡುಗೋಲು ತೂಗುಹಾಕುತ್ತಿದ್ದ. ಚೂಪಾದ ಮೂತಿ ಮಾತ್ರ ಇನ್ನೂ ಎಲ್ಲಿಗೋ ಹೊರಟು ನಿಂತ ಹಾಗೆ ಕೊಟ್ಟಿಗೆಯ ಗೋಡೆಯನ್ನು ದಿಟ್ಟಿಸುತ್ತಿತ್ತು.

ದೋಣಿಯ ಜೊತೆಗೇ ಬಂದಿದ್ದ ಟ್ರೇಲರಿನ ಪಾಡು ಇದಕ್ಕಿಂತ ಕೆಟ್ಟದ್ದು. ಅದರ ನಡುವಿನ ಅಡ್ಡಪಟ್ಟಿಗಳನ್ನು ಕತ್ತರಿಸಿ, ಮೇಲೆ ಹಲಗೆ ಬಡಿದು, ಹುಲ್ಲು ಹೇರುವ ಗಾಡಿ ಮಾಡಿಕೊಂಡಿದ್ದರು. ತಿರುವಿನಲ್ಲಿ ಅದು ಮುದುಕಿಯ ಹಾಗೆ ನರಳುತ್ತಿತ್ತು.

ಇವನ್ನು ದಿನಾ ಬೆಳಿಗ್ಗೆ ನೋಡಿ ಹೊಟ್ಟೆಯಲ್ಲಿ ಬೆಂಕಿ ಹಾಕಿಕೊಳ್ಳುತ್ತಿದ್ದವಳು ಯಜಮಾನನ ತಂಗಿ. ಸುತ್ತಲಿನ ಊರುಗಳಿಗೆಲ್ಲ ಅವಳು ತೇಪೆಯಕ್ಕ. ದೂರದ ಪಟ್ಟಣದ ಕಾರ್ಖಾನೆಯೊಂದರಲ್ಲಿ ಫೈಬರ್‌ಗ್ಲಾಸಿನ ನೀರಿನ ಟ್ಯಾಂಕು, ಸ್ನಾನದ ತೊಟ್ಟಿ ಮಾಡುತ್ತ ಅರ್ಧ ಆಯಸ್ಸು ಕಳೆದಿದ್ದಳು. ಕಾರ್ಖಾನೆಗೆ ಬೀಗ ಬಿದ್ದಾಗ ಒಂದು ಟ್ರಂಕು, ಒಂದು ಉರುಳೆ ಗಾಜುನೂಲಿನ ಚಾಪೆ, ಹಿಡಿ ಸವೆದ ರೋಲರು ಇಷ್ಟನ್ನು ಹಿಡಿದುಕೊಂಡು ತಂದೆಯ ಮನೆಗೆ ವಾಪಸಾದಳು. ಹಿತ್ತಲಿನ ಶೆಡ್ಡಿನಲ್ಲಿ ಕೆಲಸ ಹೂಡಿದಳು. ಎಲ್ಲೇ ಟ್ಯಾಂಕು ಸೀಳಲಿ, ತಳ ಒಡೆಯಲಿ, ಅವಳ ಬಳಿಗೇ ಬರುತ್ತಿತ್ತು. "ನನ್ನ ಕೈ ಬಿದ್ದ ಮೇಲೆ ಒಂದು ತೊಟ್ಟು ಆಚೆ ಬಂದರೆ ನನ್ನ ಹೆಸರು ಹಿಡಿದು ಕರೀಬೇಡಿ" ಎನ್ನುತ್ತಿದ್ದಳು. ಹೆಸರು ಹಿಡಿದು ಕರೆಯುವವರು ಹೇಗೂ ಯಾರೂ ಇರಲಿಲ್ಲ.

ದೋಣಿ ಅವರ ಅಪ್ಪನದು. ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದ ಕಾಲಕ್ಕೆ ಹಿನ್ನೀರಿನ ಆಳ ಅಳೆಯಲು ಬಂದವರಿಗೆ ಅಪ್ಪ ಅದನ್ನು ಓಡಿಸುತ್ತಿದ್ದ. ಅಳೆಯುವವರು ಹೋಗುವಾಗ ದೋಣಿ, ಟ್ರೇಲರು, ಮೋಟಾರು ಎಲ್ಲವನ್ನೂ ಅಪ್ಪನಿಗೇ ಬಿಟ್ಟುಹೋದರು. ಆಮೇಲೆ ಸಂಜೆ ಹೊತ್ತು ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ಹೋಗುತ್ತಿದ್ದ. ಅಣ್ಣ ಮುಂದೆ, ಅಪ್ಪನ ತೊಡೆಯ ಮೇಲೆ, ಎರಡೂ ಕೈ ಸ್ಟೇರಿಂಗಿನ ಮೇಲೆ. ಅವಳು ಹಿಂದೆ, ಮೋಟಾರಿನ ಪಕ್ಕ, ಮೈಯೆಲ್ಲ ಒದ್ದೆ. ಹಗ್ಗ ಎಸಿ, ಬಿರಡೆ ಕೀಳು, ಬಿರಡೆ ಹಾಕು, ಕಾಲು ಒಳಗೆ ಇಟ್ಕೋ, ಹೀಗೆ ಅಪ್ಪನ ಚಿಲ್ಲರೆ ಕೆಲಸಗಳೆಲ್ಲ ಅವಳಿಗೆ. "ನನಗೂ ಒಂದ್ಸಲ ಕೊಡಪ್ಪಾ" ಎಂದರೆ, "ಹುಡುಗಿ ಹಿಂದೆ ಇದ್ದರೆ ದೋಣಿ ಸಮ ಇರುತ್ತೆ ಕಣೇ" ಎಂದು ಅಪ್ಪ ನಗುತ್ತಿದ್ದ. ಚಿಲ್ಲರೆ ಕೆಲಸಗಳನ್ನು ಅವಳು ಎಂದೋ ಮರೆತಳು. ಕೊಡದೇ ಉಳಿದ ಸ್ಟೇರಿಂಗನ್ನು ಮಾತ್ರ ಮರೆಯಲಿಲ್ಲ.

ಜಗಳ ಶುರುವಾದದ್ದು ಒಂದು ಕ್ಯಾನು ಹಾಲಿನಿಂದ.

ಶೆಡ್ಡಿನ ಬಾಗಿಲು ಕೊಟ್ಟಿಗೆಯ ಕಡೆಗೇ ತೆರೆಯುತ್ತಿತ್ತು. ಅವಳು ಫೈಬರಿಗೆ ಹಚ್ಚುವ ರೆಸಿನ್ ಅಂಟು ಕಲಸಿದ ದಿನ ಅದರ ಘಾಟು ಹಿತ್ತಲು ದಾಟಿ ಅಡುಗೆಮನೆಯ ತನಕ ನಡೆದುಬರುತ್ತಿತ್ತು. ಒಂದು ಬೆಳಿಗ್ಗೆ ಹಾಲು ಕೊಳ್ಳುವವನು ಕ್ಯಾನಿನ ಮುಚ್ಚಳ ತೆಗೆದು, ಮೂಗು ಹಿಡಿದು, "ಇದು ಎಮ್ಮೆ ಹಾಲೋ, ಬಣ್ಣದ ಡಬ್ಬವೋ?" ಎಂದು ವಾಪಸು ಕಳಿಸಿದ. ಅಣ್ಣ ಆ ಕ್ಯಾನನ್ನು ಹಾಗೇ ತಂದು ಶೆಡ್ಡಿನ ಬಾಗಿಲಲ್ಲಿ ಕುಕ್ಕಿದ.

"ಕುಡಿ. ಪೂರ್ತಿ ನೀನೇ ಕುಡಿ."

ಅವಳು ಮುಖಕ್ಕೆ ಕಟ್ಟಿದ್ದ ಬಟ್ಟೆ ಇಳಿಸಿದಳು. "ಬಾಗಿಲು ಆಚೆ ಕಡೆ ತಿರುಗಿಸೋಣ ಅಂತ ಹೋದ ವರ್ಷಾನೇ ಹೇಳಿದೆ. ರಸ್ತೆ ಕಡೆಗೆ. ನೀನು ಕಿವಿಗೆ ಹಾಕ್ಕೊಂಡ್ಯಾ?"

"ಬಾಗಿಲೂ ಬೇಡ, ಕಿಟಕೀನೂ ಬೇಡ. ಈ ಶೆಡ್ಡು ನನಗೆ ಮೇವು ಇಡೋಕ್ಕೆ ಬೇಕು. ನಿನ್ನ ಡಬ್ಬಗಳನ್ನ ಎತ್ಕೋ. ಮನೇಲಿ ಉಣ್ಣೋಕ್ಕೆ ಇಲ್ವಾ, ಮಲಗೋಕ್ಕೆ ಇಲ್ವಾ? ಈ ವಯಸ್ಸಲ್ಲಿ ಊರ ಟ್ಯಾಂಕುಗಳ ಹೊಟ್ಟೆಯೊಳಗೆ ನುಗ್ಗಿ ಕೂತಿರ್ತೀಯಲ್ಲ, ನಾಚಿಕೆ ಆಗಲ್ವಾ?"

"ಅಪ್ಪನ ದೋಣೀಲಿ ಎಮ್ಮೆ ನೀರು ಕುಡಿಸೋನಿಗೆ ನಾಚಿಕೆ ಇಲ್ಲ. ನನಗ್ಯಾಕೆ?"

ಮುರಿದ ಸಲಿಕೆಯೊಂದನ್ನು ರಿಪೇರಿಗೆ ಒಯ್ಯಲು ಬಂದಿದ್ದ ವೆಲ್ಡರು ಅಲ್ಲೇ ನಿಂತಿದ್ದ. ಬಾಯಿ ಸುಮ್ಮನಿರದ ಮನುಷ್ಯ. ಊರವರು ಅವನನ್ನು ಕಿಡಿ ಎಂದೇ ಕರೆಯುತ್ತಿದ್ದರು. "ಆ ದೋಣೀನ ಈಗ ನೀರಿಗೆ ಬಿಟ್ಟರೆ ಹೇಗಿರುತ್ತೆ?" ಎಂದು ಅವನು ಗಾಳಿಗೆ ಕೇಳಿದ.

"ಕಲ್ಲು ಬಿಟ್ಟ ಹಾಗಿರುತ್ತೆ" ಎಂದ ಅಣ್ಣ.

"ಓಡುತ್ತೆ" ಎಂದಳು ಅವಳು. "ನಾನು ಕೈ ಹಾಕಿದರೆ ಓಡುತ್ತೆ. ನಾನೇ ಓಡಿಸ್ತೀನಿ."

ಅಣ್ಣ ನಕ್ಕ. ಸಿಟ್ಟಿನಲ್ಲಿದ್ದಾಗ ನಗುವುದು ಅವನ ಹುಟ್ಟುಗುಣ. "ಹಾಗಾದ್ರೆ ಕೇಳು, ಕಿಡಿ ಸಾಕ್ಷಿ. ಮಳೆಗಾಲ ಹಿಡಿಯೋದ್ರೊಳಗೆ ಆ ತೊಟ್ಟಿ ತನ್ನ ಟ್ರೇಲರಿನ ಮೇಲೇ ನೀರಿಗೆ ಹೋಗ್ಬೇಕು, ನೀರ ನಡುವಿನ ಒಣಮರ ಸುತ್ತಿ ವಾಪಸ್ ಬರ್ಬೇಕು. ಬಂದರೆ ಶೆಡ್ಡು ನಿನ್ನದು, ಸಾಯೋ ತನಕ ಬಾಯಿ ಎತ್ತಲ್ಲ. ಬರಲಿಲ್ವೋ, ಮಾರನೇ ದಿನ ಶೆಡ್ಡಲ್ಲಿ ಮೇವು."

"ಆಗಲಿ."

"ಮತ್ತೆ ನನ್ನ ಎಮ್ಮೆಗಳು ಎಲ್ಲಿ ಕುಡೀಬೇಕು?"

"ನಿನ್ನ ಎಮ್ಮೆಗಳಿಗೆ ನಾನೇ ಒಂದು ತೊಟ್ಟಿ ಮಾಡಿ ಬಿಸಾಕ್ತೀನಿ, ಹೋಗು."

ಹೇಳಿದ ಹಾಗೆ ಮಾಡಿದಳು. ಹಳೆಯ ಟ್ಯಾಂಕಿನ ಅಚ್ಚನ್ನು ಅಡ್ಡ ಮಲಗಿಸಿ, ನೀಲಿ ಬಣ್ಣದ ನುಣುಪು ತೊಟ್ಟಿ ಎರಕ ತೆಗೆದಳು. ಅಣ್ಣ ಅದರ ಸುತ್ತ ನಡೆದ, ಒದ್ದು ನೋಡಿದ, ಬಗ್ಗಿ ತಳ ನೋಡಿದ.

"ಇದರ ತೂತೆಲ್ಲಿ?"

"ಯಾವ ತೂತು?"

"ಹಳೇ ನೀರು ಬಿಡೋಕ್ಕೆ ತೂತು ಬೇಡ್ವಾ? ಪಾಚಿ ಕಟ್ಟಿದರೆ ತೊಳೆಯೋದು ಹೇಗೆ?"

"ನನ್ನ ಕೈಯಲ್ಲಿ ತೂತು ಇರೋ ಪದಾರ್ಥ ಬರಲ್ಲ. ಬಕೆಟಲ್ಲಿ ಎತ್ತಿ ಚೆಲ್ಲು."

ಅಂದಿನಿಂದ ಅಣ್ಣ ದಿನಾ ಬೆಳಿಗ್ಗೆ ಬಗ್ಗಿ ಬಗ್ಗಿ ತೊಟ್ಟಿಯ ತಳದ ನೀರನ್ನು ಬಕೆಟ್ಟಿನಲ್ಲಿ ಎತ್ತಿ ಚೆಲ್ಲಿದ. ಪ್ರತಿ ಬಕೆಟ್ಟಿಗೂ ಒಂದು ಬೈಗುಳ. ಅವಳು ಶೆಡ್ಡಿನಲ್ಲಿ ಕೂತು, ಕೇಳಿಸಿಕೊಂಡು, ಕೆಲಸ ಮಾಡಿದಳು.

ದೋಣಿಯನ್ನು ಮೊದಲು ಮಗುಚಿ ಹಾಕಿ ತೊಳೆದಳು. ವರ್ಷಗಳ ಜೊಲ್ಲು, ಪಾಚಿ, ಹಿಂಡಿಯ ಗಸಿ ಹೋದ ಮೇಲೆ ಸುತ್ತಿಗೆಯ ಹಿಡಿಯಿಂದ ಮೈಯೆಲ್ಲ ತಟ್ಟುತ್ತ ಹೋದಳು, ಹಲಸಿನ ಹಣ್ಣು ಆರಿಸುವವರು ತಟ್ಟಿ ನೋಡುವಷ್ಟು ನಿಧಾನವಾಗಿ. ಗಟ್ಟಿ ಇದ್ದ ಕಡೆ ಟಣ್ ಎನ್ನುತ್ತಿತ್ತು. ಪದರ ಬಿಟ್ಟುಕೊಂಡ ಕಡೆ ದಬ್ ಎಂದು ಸತ್ತ ಸದ್ದು. ಸತ್ತ ಕಡೆಗೆಲ್ಲ ಸೀಮೆಸುಣ್ಣದಲ್ಲಿ ಸುತ್ತು ಹಾಕಿದಳು. ಮುಗಿಸಿ ಹಿಂದೆ ಸರಿದು ನೋಡಿದರೆ ದೋಣಿಗೆ ಸಿಡುಬು ಎದ್ದ ಹಾಗಿತ್ತು.

ಅತಿ ಕೆಟ್ಟದ್ದು ಹಿಂಗೋಡೆ. ಮೋಟಾರು ಕಚ್ಚಿಕೊಂಡು ಕೂರುವ ಜಾಗ ಅದು. ಎರಡು ಫೈಬರ್ ಪದರದ ನಡುವೆ ದಪ್ಪ ಪ್ಲೈವುಡ್ ಇರುತ್ತದೆ. ಬಗೆದು ನೋಡಿದರೆ ಒಳಗಿನ ಮರ ನೆನೆದ ಹಿಂಡಿಯ ಹಾಗೆ ಕೈಗೇ ಬಂತು. ಅದರ ತಳದಲ್ಲಿ, ನಡುವಿಗೆ ಸರಿಯಾಗಿ, ಮುಷ್ಟಿ ತೂರುವಷ್ಟು ದೊಡ್ಡ ತೂತು. ಅಂಚು ಹರಕು ಮುರುಕು, ಕೊಡಲಿಯ ಹಿಂಬದಿಯಿಂದ ಗುದ್ದಿದಂತೆ. ಅಣ್ಣ ಅದಕ್ಕೊಂದು ಚಿಂದಿ ತುರುಕಿ, ತೊಟ್ಟಿ ತೊಳೆಯುವಾಗ ಎಳೆದು ನೀರು ಬಿಡುತ್ತಿದ್ದ. ಅವಳ ಕಣ್ಣು ಕೆಂಪಾಯಿತು. ಅಪ್ಪನ ದೋಣಿಗೆ ಕೊಡಲಿ ಎತ್ತಿದ ಕೈ! ಕೊಳೆತದ್ದನ್ನೆಲ್ಲ ಕೆರೆದು ತೆಗೆದಳು. ಹೊಸ ಹಲಗೆ ಅಳತೆಗೆ ಕೊಯ್ದು ಕೂರಿಸಿದಳು. ಮೇಲೆ ಗಾಜುನೂಲಿನ ಚಾಪೆ ಪದರದ ಮೇಲೆ ಪದರ ಹಾಸಿ, ರೆಸಿನ್ ಕುಡಿಸಿ, ಒಂದು ಗುಳ್ಳೆ ಉಳಿಯದಂತೆ ರೋಲರಿನಲ್ಲಿ ಒತ್ತಿ ಒತ್ತಿ ತೀಡಿದಳು. ಒಣಗಿದ ಮೇಲೆ ಉಜ್ಜಿದಳು. ಇನ್ನು ಅಪ್ಪನೇ ಎದ್ದು ಬಂದರೂ ತೂತು ಎಲ್ಲಿತ್ತೆಂದು ತೋರಿಸಲು ಆಗುತ್ತಿರಲಿಲ್ಲ.

ಆ ಉಜ್ಜುವ ಕೆಲಸ ನರಕ. ಗಾಜಿನ ಪುಡಿ ತೋಳಿಗೆ, ಕುತ್ತಿಗೆಗೆ, ರೆಪ್ಪೆಗೆ ಕಚ್ಚಿಕೊಂಡು ಉರಿ ಎಬ್ಬಿಸುತ್ತದೆ. ಕೆರೆದಷ್ಟೂ ಒಳಗೆ ಇಳಿಯುತ್ತದೆ. ಅತ್ತಿಗೆ ಒಂದು ದಿನ ಬಾಗಿಲಲ್ಲಿ ನಿಂತು ನೋಡಿದಳು. ಒಳಗೆ ಹೋಗಿ ಗಂಡನ ಹಳೆಯ ಮಳೆಕೋಟು ತಂದು ಅವಳ ಕಡೆ ಎಸೆದಳು.

"ಹಾಕ್ಕೋ. ಚರ್ಮ ನೋಡು, ಮುಳ್ಳುಹಂದಿ ಮುದ್ದು ಮಾಡಿದ ಹಾಗಿದೆ."

"ನೀನು ಯಾರ ಕಡೆ ಅತ್ತಿಗೆ?"

"ನಾನು ಯಾರ ಕಡೇನೂ ಅಲ್ಲಮ್ಮ. ನೀನು ಗೆದ್ದರೆ ನಿನ್ನ ಘಾಟು ನನ್ನ ಅಡುಗೆಮನೆಗೆ. ಸೋತರೆ ನಿನ್ನ ಊದಿದ ಮುಖ ನನ್ನ ಅಡುಗೆಮನೆಗೆ. ಯಾವುದು ವಾಸಿ ಅಂತ ಯೋಚನೆ ಮಾಡ್ತಿದ್ದೀನಿ."

ಟ್ರೇಲರನ್ನು ಕಿಡಿಯ ಅಂಗಡಿಗೆ ನೂಕಿಸಿದಳು. ಅವನು ಅದರ ಕೆಳಗೆ ಮಲಗಿ, ಎದ್ದು, ತಲೆ ಕೆರೆದುಕೊಂಡ.

"ಅಕ್ಕ, ಇದರಲ್ಲಿ ಟ್ರೇಲರ್ ಎಷ್ಟು, ತುಕ್ಕು ಎಷ್ಟು ಅಂತ ಗೊತ್ತಾಗ್ತಿಲ್ಲ. ತುಕ್ಕು ಕೆರೆದರೆ ಏನೂ ಉಳಿಯಲ್ಲ ಅನ್ಸುತ್ತೆ."

"ಉಳಿದಷ್ಟಕ್ಕೆ ಹಚ್ಚು. ಉಳಿಯದ್ದಕ್ಕೆ ಹೊಸದು ಹಾಕು."

"ಹೊಸದೇ ಮಾಡಿಕೊಡ್ತೀನಲ್ಲ?"

"ಅದರ ಟ್ರೇಲರಿನ ಮೇಲೇ ಹೋಗ್ಬೇಕು ಅಂದಿದ್ದಾನೆ ಅಣ್ಣ. ಅವನಿಗೆ ಒಂದು ಮಾತಿಗೂ ಜಾಗ ಕೊಡಲ್ಲ ನಾನು."

ಕಿಡಿ ಅಡ್ಡಪಟ್ಟಿ ಕೂರಿಸಿದ. ಸ್ಪ್ರಿಂಗ್ ಪಟ್ಟಿಗಳನ್ನು ಕಳಚಿ, ಮುರಿದದ್ದು ಬದಲಿಸಿ, ಮತ್ತೆ ಬಿಗಿದ. ಚಕ್ರದ ಬೇರಿಂಗುಗಳನ್ನು ಅವಳೇ ಬಿಚ್ಚಿದಳು. ಒಳಗಿನ ಗ್ರೀಸು ಒಣಗಿ ಕಲ್ಲಾಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸನ್ನು ಅಂಗೈಯಲ್ಲಿಟ್ಟು ಗುಂಡುಗಳ ಸಂದಿಗೆ ಒತ್ತಿದಳು. ದೋಣಿಯ ತಳ ಕೂರಲು ಎರಡು ಉದ್ದ ಹಲಗೆ ಬೇಕಿತ್ತು. ಬೈರಿಗೆ ತಿರುಗಿಸಿ ಹಲಗೆಗೆ ತೂತು ಕೊರೆದು, ಬೋಲ್ಟು ಬಿಗಿದು, ಮೇಲೆ ಹಳೆಯ ಕಾರ್ಪೆಟ್ ಹೊದಿಸಿದಳು. ಬೈರಿಗೆ ಅಪ್ಪನದು. ಹೆಬ್ಬೆರಳಿನ ಗಾತ್ರದ ಅಲಗು, ಮೇಲೆ ಕೈಯಲ್ಲಿ ತಿರುಗಿಸುವ ಮರದ ಹಿಡಿ. ಅದು ಅವಳ ಹತ್ಯಾರಿನ ಚೀಲದಲ್ಲೇ ಉಳಿಯಿತು.

ಅಟ್ಟದಲ್ಲಿ ಗೋಣಿ ಸುತ್ತಿಕೊಂಡು ಮಲಗಿದ್ದ ಮೋಟಾರನ್ನು ಪಂಪ್‌ಸೆಟ್ಟಿನ ಮೆಕ್ಯಾನಿಕ್ಕು ಬಿಚ್ಚಿ ಜೋಡಿಸಿದ. ಡ್ರಮ್ಮಿನ ನೀರಿನಲ್ಲಿ ನಿಲ್ಲಿಸಿ ಹಗ್ಗ ಎಳೆದಾಗ ಅದು ಮೊದಲು ಕೆಮ್ಮಿತು, ಹೊಗೆ ಉಗುಳಿತು, ಆಮೇಲೆ ಕೊಟ್ಟಿಗೆಯ ಎಮ್ಮೆಗಳೆಲ್ಲ ಹಗ್ಗ ಕಿತ್ತುಕೊಳ್ಳುವ ಹಾಗೆ ಕೂಗಿತು. ಅಣ್ಣ ಓಡಿ ಬಂದ. ಏನೋ ಹೇಳಲು ಬಾಯಿ ತೆರೆದವನು, ಆ ಸದ್ದು ಕೇಳುತ್ತ ಹಾಗೇ ನಿಂತ. ಆಮೇಲೆ ನೆನಪಾದವನಂತೆ, "ಹಾಲು ಇಳಿಸಲ್ಲ ಇನ್ನು, ಎರಡು ದಿನ" ಎಂದು ಗೊಣಗಿಕೊಂಡು ಹೋದ.

ದಕ್ಷಿಣದಲ್ಲಿ ಮೋಡ ಏಳತೊಡಗಿದ ವಾರ ದೋಣಿ ಕೆಂಪಾಗಿ ನಿಂತಿತು. ಬಿಳಿ ಪಟ್ಟಿಯನ್ನು ಅವಳು ಕಣ್ಣಳತೆಯಲ್ಲೇ ಎಳೆದಿದ್ದಳು. ಸ್ಟೇರಿಂಗು ಯಾವುದೋ ಕೆಟ್ಟ ಟ್ರಕ್ಕಿನದು, ದೋಣಿಗೆ ತುಸು ದೊಡ್ಡದೇ.

ನೀರಿನ ದಂಡೆಯಲ್ಲಿ ಆ ಮಧ್ಯಾಹ್ನ ಜನ ಸೇರಿದ್ದರು. ಅಣ್ಣ ತಾನೇ ಟ್ರ್ಯಾಕ್ಟರಿನಲ್ಲಿ ಟ್ರೇಲರ್ ಎಳೆದು ತಂದ. ಒಂದು ತಿರುವಿನಲ್ಲೂ ಅದು ನರಳಲಿಲ್ಲ. ಕಿಡಿ ಚಕ್ರದ ಗುಂಬ ಮುಟ್ಟಿ ನೋಡಿ, "ತಣ್ಣಗಿದೆ! ನನ್ನ ಹೆಂಡತಿ ತಲೆಗಿಂತ ತಣ್ಣಗಿದೆ!" ಎಂದು ಕೂಗಿದ. ಟ್ರೇಲರನ್ನು ಹಿಂದುಹಿಂದಾಗಿ ನೀರಿಗೆ ನೂಕಿದರು. ದೋಣಿ ಕಾರ್ಪೆಟ್ಟಿನ ಮೇಲಿಂದ ಜಾರಿ, ಒಮ್ಮೆ ತೂಗಿ, ತೇಲಿತು. ಒಂದು ತೊಟ್ಟು ಒಳಗೆ ಬರಲಿಲ್ಲ. ಅವಳು ಮೊಣಕಾಲುದ್ದ ನೀರಿನಲ್ಲಿ ನಿಂತು ಅದರ ಮೂಗು ಹಿಡಿದುಕೊಂಡಳು.

ಅತ್ತಿಗೆ ಬಕೆಟ್ ಹಿಡಿದು ಬಂದಳು. "ಇದನ್ನ ಒಳಗೆ ಇಟ್ಕೊಳ್ಳೇ. ನೀರು ಅಂದ್ರೆ ನೀರು."

"ಬೇಡ. ಬಕೆಟ್ ತಗೊಂಡು ಹೋದರೆ ನನ್ನ ಕೆಲಸದ ಮೇಲೆ ನನಗೇ ನಂಬಿಕೆ ಇಲ್ಲ ಅಂತ ಆಗುತ್ತೆ."

ಅಷ್ಟರಲ್ಲಿ ಅಣ್ಣ ಟ್ರ್ಯಾಕ್ಟರಿನ ಟ್ಯೂಬೊಂದನ್ನು ಗಾಳಿ ತುಂಬಿ ಹೆಗಲಿಗೆ ಹಾಕಿಕೊಂಡು ಬಂದ. "ನಾನೂ ಬರ್ತೀನಿ. ಅರ್ಧಕ್ಕೇ ತಿರುಗಿಸಿಕೊಂಡು ಬಂದು ಮರ ಸುತ್ತಿದೆ ಅಂದರೆ?"

"ಟ್ಯೂಬು ಯಾಕೆ? ದೋಣಿ ಮೇಲೆ ನಂಬಿಕೆ ಇಲ್ವಾ?"

"ದೋಣಿ ಮೇಲಿದೆ. ಓಡಿಸೋಳ ಮೇಲಿಲ್ಲ."

ಅವಳು ಸ್ಟೇರಿಂಗಿನ ಹಿಂದೆ ಕೂತಳು. ಅಣ್ಣ ಅಭ್ಯಾಸ ಬಲದಿಂದ ಮುಂದಿನ ಸೀಟಿಗೆ ಕಾಲಿಟ್ಟ.

"ಹಿಂದೆ" ಎಂದಳು ಅವಳು. "ಹಿಂದೆ ಕೂತ್ಕೋ. ದೋಣಿ ಸಮ ಇರುತ್ತೆ."

ದಂಡೆಯಲ್ಲಿ ಯಾರೋ ಕಿಸಕ್ಕೆಂದರು. ಅಣ್ಣ ಮುಖ ಊದಿಸಿಕೊಂಡು ಮೋಟಾರಿನ ಪಕ್ಕ ಹೋಗಿ, ಟ್ಯೂಬನ್ನು ಮಡಿಲಲ್ಲಿಟ್ಟುಕೊಂಡು ಕೂತ.

ಮೊದಲು ಮೆಲ್ಲಗೆ. ಆಮೇಲೆ ವೇಗದ ಲಿವರು ಮುಂದೆ ತಳ್ಳಿದಾಗ ದೋಣಿಯ ಮೂತಿ ಮೇಲೆದ್ದು ಅವಳಿಗೆ ಆಕಾಶ ಬಿಟ್ಟು ಬೇರೇನೂ ಕಾಣಲಿಲ್ಲ. ಮರುಕ್ಷಣ ಮೂತಿ ಇಳಿದು, ದೋಣಿ ನೀರನ್ನು ಸೀಳುವುದು ಬಿಟ್ಟು ನೀರಿನ ಮೇಲೆ ಜಾರತೊಡಗಿತು. ಅಪ್ಪನ ತೊಡೆಯ ಮೇಲೆ ಕೂತು ಅಣ್ಣ ಕೇಕೆ ಹಾಕುತ್ತಿದ್ದದ್ದು ಇದಕ್ಕೇ ಎಂದು ಅವಳಿಗೆ ಇಷ್ಟು ವರ್ಷಕ್ಕೆ ತಿಳಿಯಿತು. ಹಿಂದಿನ ಸೀಟಿನಲ್ಲಿ ಈ ಸುಖ ಇರಲಿಲ್ಲ. ಅಲ್ಲಿ ಬರೀ ಎರಚಲು. ಅವಳಿಗೂ ಕೇಕೆ ಹಾಕಬೇಕೆನಿಸಿತು. ಹಾಕಿದಳು.

ಒಣಮರ ಹತ್ತಿರ ಬಂತು. ನೀರು ನಿಂತಾಗ ಮುಳುಗಿ ಸತ್ತ ಮರ, ತಲೆಯಷ್ಟೇ ಹೊರಗೆ. ಕೊಂಬೆಯ ಮೇಲಿದ್ದ ನೀರುಕಾಗೆಗಳು ಎದ್ದು ಹಾರಿದವು. ಅವಳು ಅಗಲವಾಗಿ ಸುತ್ತು ಹೊಡೆದಳು, ಅಣ್ಣನಿಗೆ ಅನುಮಾನವೇ ಬಾರದಷ್ಟು ಅಗಲವಾಗಿ. ಸುತ್ತಿ ಮುಗಿಸಿ, ಅವನ ಮುಖ ನೋಡದೆ ಇರಲಾಗಲಿಲ್ಲ. ಲಿವರನ್ನು ಒಂದೇ ಏಟಿಗೆ ಹಿಂದಕ್ಕೆಳೆದು, ತಿರುಗಿ ಕೂತು, "ನೋಡಿದೆಯಾ?" ಎಂದಳು.

"ಹಾಗೆ ನಿಲ್ಲಿಸಬೇ..." ಎಂದ ಅಣ್ಣ. ಮಾತು ಮುಗಿಯಲಿಲ್ಲ. ದೋಣಿ ನಿಂತಿತ್ತು, ಅದರ ಹಿಂದೆ ಓಡಿ ಬರುತ್ತಿದ್ದ ಅದರದೇ ಅಲೆ ನಿಲ್ಲಲಿಲ್ಲ. ಹಿಂಗೋಡೆಯನ್ನು ದಾಟಿ, ಅಣ್ಣನ ತಲೆಯ ಮೇಲಿಂದ ಹಾಯ್ದು, ಒಂದು ಟ್ಯಾಂಕು ಮಗುಚಿದಷ್ಟು ನೀರು ಒಳಗೆ ಬಿತ್ತು.

ನೀರು ಮೊಣಕಾಲ ಹತ್ತಿರ ತುಳುಕುತ್ತಿತ್ತು. ಟ್ಯೂಬು ಅಲೆಯ ಜೊತೆಗೇ ಎದ್ದುಹೋಗಿ ದೂರದಲ್ಲಿ ತನ್ನ ಪಾಡಿಗೆ ತಾನು ತೇಲುತ್ತಿತ್ತು. ಮೋಟಾರು ಕೆಮ್ಮುತ್ತ ಹೇಗೋ ಜೀವ ಹಿಡಿದಿತ್ತು.

"ಅಪ್ಪ ಹೀಗೆ ನಿಲ್ಲಿಸ್ತಿರಲಿಲ್ಲ!" ಅಣ್ಣ ಅರಚಿದ. "ಮೆಲ್ಲಗೆ ಇಳಿಸ್ತಿದ್ದ, ಮೆಲ್ಲಗೆ!"

"ನನಗೆ ಯಾರು ಹೇಳಿಕೊಟ್ಟರು? ನಿನಗೆ ತಾನೇ ಹೇಳಿಕೊಟ್ಟಿದ್ದು!"

"ಬಕೆಟ್ ಎಲ್ಲಿ?"

ಅವಳು ದಂಡೆಯ ಕಡೆ ನೋಡಿದಳು. ಅಣ್ಣ ಎರಡೂ ಕೈಯಲ್ಲಿ ಬೊಗಸೆ ಮಾಡಿ ಚೆಲ್ಲತೊಡಗಿದ. ಅಷ್ಟರಲ್ಲಿ ಮೋಡದ ಕಡೆಯಿಂದ ಗಾಳಿ ಎದ್ದಿತು. ಹಿಂಬದಿ ಭಾರಕ್ಕೆ ಕುಸಿದು ನಿಂತಿದ್ದರಿಂದ ಸಣ್ಣ ಅಲೆಯೂ ಒಳಗೆ ಇಣುಕುತ್ತಿತ್ತು. ಅವನು ಹೊರಗೆ ಹಾಕಿದ್ದಕ್ಕಿಂತ ಒಳಗೆ ಬಂದದ್ದೇ ಹೆಚ್ಚು.

"ತೂತು!" ಎಂದ ಅಣ್ಣ ಇದ್ದಕ್ಕಿದ್ದಂತೆ, ನೀರೊಳಗೆ ಕೈಯಾಡಿಸುತ್ತ. "ಇಲ್ಲೊಂದು ತೂತು ಇತ್ತಲ್ಲ?"

"ನೀನು ಕೊಡಲೀಲಿ ಹೊಡೆದದ್ದಾ? ಮುಚ್ಚಿದೆ."

"ನಾನು ಹೊಡೆದದ್ದಲ್ಲ ಕಣೇ! ಅಲ್ಲಿ ಮೊದಲೇ ಇತ್ತು, ಹಿತ್ತಾಳೆ ಬಳೆ ಹಾಕಿದ್ದು, ಇಷ್ಟೇ ಇಷ್ಟು. ಹಿಂಡಿ ಕಟ್ಟಿಕೊಳ್ಳುತ್ತೆ ಅಂತ ನಾನು ದೊಡ್ಡದು ಮಾಡಿದೆ ಅಷ್ಟೆ. ತೂತು ಅಪ್ಪನದು!"

ಬಿರಡೆ ಕೀಳು. ಅಪ್ಪನ ದನಿ ಅವಳ ಕಿವಿಯಲ್ಲೇ ಕೂಗಿದ ಹಾಗಾಯಿತು. ದೋಣಿ ಓಡುತ್ತಿರುವಾಗಲೇ ಅಪ್ಪ ಹಿಂದೆ ತಿರುಗಿ ಹಾಗೆನ್ನುತ್ತಿದ್ದ. ಅವಳು ಒದ್ದೆ ಕೈಯಿಂದ ಬಿರಡೆ ಕಿತ್ತರೆ, ಕಾಲ ಕೆಳಗಿನ ನೀರೆಲ್ಲ ಸೊರ್ ಎಂದು ಹೊರಗೆ ಹೋಗುತ್ತಿತ್ತು, ಯಾರೋ ಆಚೆಯಿಂದ ಹೀರಿದ ಹಾಗೆ. ನಿಲ್ಲಿಸುವ ಮುಂಚೆ "ಬಿರಡೆ ಹಾಕು". ಆ ಕೆಲಸವನ್ನು ಈ ಲೋಕದಲ್ಲಿ ಮಾಡಿದವಳು ಅವಳೊಬ್ಬಳೇ. ಅದನ್ನೇ ಮರೆತು, ಅಣ್ಣನ ಮೇಲಿನ ಸಿಟ್ಟಿಗೆ ಅಪ್ಪನ ತೂತಿಗೆ ತೇಪೆ ಹಾಕಿ ಕೂತಿದ್ದಳು.

"ನನ್ನ ಚೀಲದಲ್ಲಿ ಬೈರಿಗೆ ಇದೆ. ತಗೋ" ಎಂದಳು. "ನಾನು ಓಡಿಸ್ತೀನಿ. ನೀನು ಅಲ್ಲೇ ಕೊರಿ."

"ಏನಂದೆ?"

"ತಳದ ನಡುವಿಗೆ ಕೊರಿ. ಓಡೋವಾಗ ನೀರು ಆಚೆ ಹೋಗುತ್ತೆ."

"ಮುಳುಗೋ ದೋಣಿಗೆ ತೂತು ಕೊರೀತಾರೇನೇ? ತಲೆ ಕೆಟ್ಟಿದೆಯಾ? ಸ್ಟೇರಿಂಗ್ ನನಗೆ ಕೊಡು. ದಂಡೆ ತನಕ ನಾನು ತಗೊಂಡು ಹೋಗ್ತೀನಿ. ಕೊಡು!"

ಅವನು ಎದ್ದ. ದೋಣಿ ಒಂದು ಕಡೆಗೆ ವಾಲಿತು. ಅವಳು ಟ್ರಕ್ಕಿನ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದಳು. ಹೆದರಿಕೆ ಅವಳಿಗೂ ಇತ್ತು. ಆದರೆ ಆ ಕ್ಷಣ ಇದನ್ನು ಬಿಟ್ಟುಕೊಟ್ಟರೆ ಶೆಡ್ಡಷ್ಟೇ ಅಲ್ಲ, ಇನ್ನು ಯಾವುದೂ ತನ್ನದಾಗಿ ಉಳಿಯದು ಎಂದು ಅವಳಿಗೆ ಖಚಿತವಾಗಿತ್ತು.

"ಕೂತ್ಕೋ!" ಅವಳ ದನಿ ನೀರಿನ ಮೇಲೆ ಚಟೀರೆಂದಿತು. "ಇಷ್ಟು ಕಾಲ ಹಿಂದೆ ಕೂತೋಳು ನಾನು. ಹಿಂದಿನ ಕೆಲಸ ಏನು ಅಂತ ನನಗೆ ಗೊತ್ತು, ನಿನಗೆ ಗೊತ್ತಿಲ್ಲ. ಬೇರೆ ಏನು ಬೇಕಾದರೂ ಕೇಳು, ಸ್ಟೇರಿಂಗ್ ಮಾತ್ರ ಕೇಳಬೇಡ. ಕೊರೀತೀಯೋ, ಇಲ್ಲಾ ಬೊಗಸೇಲಿ ಚೆಲ್ಲುತ್ತಾ ಸಾಯ್ತೀಯೋ?"

ಅವಳು ಲಿವರು ತಳ್ಳಿದಳು. ದೋಣಿ ಬಸುರಿ ಎಮ್ಮೆಯ ಹಾಗೆ ಏದುಸಿರು ಬಿಡುತ್ತ ಮುಂದಕ್ಕೆ ಹೊರಟಿತು. ಒಳಗಿನ ನೀರೆಲ್ಲ ಹಿಂದಕ್ಕೆ ನುಗ್ಗಿ ಅಣ್ಣನ ಸೊಂಟದ ತನಕ ಬಂತು. ಅವನು ಅವಳ ಏಳು ತಲೆಮಾರನ್ನು ಬೈದ, ಅದು ತನ್ನದೂ ಹೌದೆಂಬುದನ್ನು ಮರೆತು. ಬೈಯುತ್ತಲೇ ಬಗ್ಗಿ, ಗಲ್ಲ ನೀರಿಗೆ ತಾಗಿಸಿಕೊಂಡು, ಬೈರಿಗೆಯನ್ನು ಹಲಗೆಗೆ ಒತ್ತಿ ತಿರುಗಿಸಿದ.

"ಎಷ್ಟು ಗಟ್ಟಿ ಮಾಡಿದ್ದೀಯೇ ಇದನ್ನ!"

"ತಿರುಗಿಸು!"

ಅಲಗು ಆಚೆ ಹೊಕ್ಕಿತು. ಅವನು ಎಳೆದು ತೆಗೆದ. ಮೊದಲು ನೀರು ಒಳಕ್ಕೇ ಚಿಮ್ಮಿತು. "ಬಂತು! ಒಳಗೆ ಬಂತು! ಕೊಂದೆಯಲ್ಲೇ!" ಎಂದು ಅವನು ಅಂಗೈ ಅಡ್ಡ ಹಿಡಿದ. ಅವಳು ತಿರುಗಿ ನೋಡಲಿಲ್ಲ. ಲಿವರನ್ನು ಕೊನೆಯ ತನಕ ಒತ್ತಿ ಹಿಡಿದಳು. ಮೂತಿ ಎದ್ದಿತು, ಆಕಾಶ ಕಂಡಿತು, ಎಷ್ಟೋ ಹೊತ್ತು ಆಕಾಶವೇ ಕಂಡಿತು. ಆಮೇಲೆ ಮೆಲ್ಲಗೆ, ಮನಸ್ಸಿಲ್ಲದ ಮನಸ್ಸಿನಿಂದ, ಮೂತಿ ಇಳಿಯಿತು.

ಹಿಂದಿನಿಂದ ಬೈಗುಳ ನಿಂತುಹೋಗಿತ್ತು.

"ಏನಾಯ್ತು?" ಎಂದು ಕೂಗಿದಳು.

"ಹೋಗ್ತಿದೆ" ಎಂದ ಅಣ್ಣ. ಅವನ ಅಂಗೈಯನ್ನು ನೀರು ಆಚೆಗೆ ಎಳೆಯುತ್ತಿತ್ತು. ಕೈ ತೆಗೆದ. ಸೊರ್ ಎಂಬ ಸದ್ದು. "ಹೋಗ್ತಿದೆ ಕಣೇ! ತೊಟ್ಟಿ ತೊಳೆದ ಹಾಗೆ ಹೋಗ್ತಿದೆ!"

ದಂಡೆ ಹತ್ತಿರವಾದಾಗ ಕಾಲ ಕೆಳಗೆ ಒದ್ದೆ ಬಿಟ್ಟು ಬೇರೇನೂ ಉಳಿದಿರಲಿಲ್ಲ. "ಮುಚ್ಚು" ಎಂದಳು. ಅಣ್ಣ ಹೆಗಲ ಟವೆಲ್ಲಿನ ತುದಿಯನ್ನು ಹುರಿ ಮಾಡಿ ತೂತಿಗೆ ತುರುಕಿದ. ವರ್ಷಗಟ್ಟಲೆ ಮಾಡಿದ ಕೆಲಸ, ಕೈಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಈ ಸಲ ಅವಳು ಲಿವರನ್ನು ಮೆಲ್ಲಗೆ, ಮೆಲ್ಲಗೆ ಇಳಿಸಿದಳು. ಹಿಂದಿನ ಅಲೆ ದೋಣಿಯ ಬೆನ್ನು ಸವರಿ, ಕೆಳಗಿನಿಂದ ಹಾದು, ದಂಡೆಗೆ ಹೋಯಿತು.

"ಸುತ್ತಿದಳಾ?" ಕಿಡಿ ದಂಡೆಯಿಂದಲೇ ಕೂಗಿದ.

ಅಣ್ಣ ತಲೆಯಿಂದ ಕಾಲಿನ ತನಕ ತೊಯ್ದು ತೊಪ್ಪೆಯಾಗಿ ನಿಂತಿದ್ದ. ನಡುವೆ ಆದದ್ದನ್ನು ಹೇಳಿದ್ದರೆ ಕೇಳುವವರಿಗೆ ಒಂದು ವರ್ಷದ ನಗೆಯಾಗುತ್ತಿತ್ತು. ಅವನು ತಂಗಿಯ ಕಡೆ ನೋಡಿದ. ಅವಳು ಬೇಕಾದರೆ ಹೇಳು ಎಂಬಂತೆ ಗದ್ದ ಎತ್ತಿ ನಿಂತಿದ್ದಳು.

"ಸುತ್ತಿದಳು" ಎಂದ. "ಅಗಲವಾಗೇ ಸುತ್ತಿದಳು."

"ಮತ್ತೆ ನೀನ್ಯಾಕೆ ಹೀಗೆ?" ಎಂದಳು ಅತ್ತಿಗೆ.

"ಹಿಂದೆ ಕೂತರೆ ಹೀಗೇ ಆಗೋದು."

ಮರುದಿನ ಬೆಳಿಗ್ಗೆ ಅಣ್ಣ ಬಕೆಟ್ ಹಿಡಿದು ಕೊಟ್ಟಿಗೆಗೆ ಬಂದಾಗ ತಂಗಿ ನೀಲಿ ತೊಟ್ಟಿಯ ಪಕ್ಕ ಮಂಡಿಯೂರಿ ಬೈರಿಗೆ ತಿರುಗಿಸುತ್ತಿದ್ದಳು. ತೂತಿನಿಂದ ಹಳೆಯ ನೀರು ಹರಿದು ಚರಂಡಿ ಸೇರಿತು. ಅವಳು ಮರದ ಬಿರಡೆಯೊಂದನ್ನು ಕೂರಿಸಿ, ಅಂಗೈಯಿಂದ ಗುದ್ದಿ ಬಿಗಿ ಮಾಡಿದಳು. ಅಂಥದೇ ಇನ್ನೊಂದು ಬಿರಡೆ ಅವಳ ಸೊಂಟದಲ್ಲಿತ್ತು, ದೋಣಿಯದು.

"ನಿನ್ನ ಮಾತು ಕೇಳಿ ಹಾಕಿದ್ದು ಅಂದ್ಕೋಬೇಡ" ಎಂದಳು. "ನನಗೆ ಅನ್ನಿಸ್ತು, ಹಾಕಿದೆ. ಶೆಡ್ಡಿನ ಬಾಗಿಲನ್ನೂ ರಸ್ತೆ ಕಡೆ ತಿರುಗಿಸ್ತಿದ್ದೀನಿ. ಅದೂ ನನಗೆ ಅನ್ನಿಸಿದ್ದಕ್ಕೆ."

"ನಾನೇನಾದ್ರೂ ಬಾಯಿ ಎತ್ತಿದೆನಾ?"

"ಎತ್ತಬೇಡ."

ಅವನು ಬಕೆಟ್ ಮಗುಚಿ ಹಾಕಿ ಅದರ ಮೇಲೆ ಕೂತ. ಎಮ್ಮೆಯೊಂದು ಹೊಸ ತೂತನ್ನು ಮೂಸಿ ನೋಡಿ ಸೀನಿತು. ಅವನು ಆಚೆ ನೋಡುತ್ತ, "ಇನ್ನೊಂದ್ಸಲ ಹೋಗೋದಾದ್ರೆ... ಒಂದು ಸುತ್ತು ಸ್ಟೇರಿಂಗ್ ಕೊಡ್ತೀಯಾ?" ಎಂದ.

ಅವಳು ಬೈರಿಗೆಯ ಅಲಗನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿದಳು. ಸೊಂಟದ ಬಿರಡೆ ತೆಗೆದು ಅವನ ಮಡಿಲಿಗೆ ಎಸೆದಳು.

"ಮೊದಲು ಇದನ್ನ ಕೀಳೋದು, ಹಾಕೋದು ಕಲಿ. ಆಮೇಲೆ ಕೇಳು. ಕೊಡಲ್ಲ, ಆದರೂ ಕೇಳು."